ಡಾಲರಿನ ಚೌಕಾಸಿ

"ಇಲ್ಲಿ ಸಹಿ ಹಾಕಿ ಅಮ್ಮ" ಎಂದು ಚಾಮರಾಜಪೇಟೆಯ ಬ್ಯಾಂಕಿನ ಅಧಿಕಾರಿ ಫಾರಂ ಮುಂದಕ್ಕೆ ತಳ್ಳಿದಾಗ, ಸಪ್ಪಲಮ್ಮ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. ಜಾರ್ಜಿಯಾ ದೇಶದಲ್ಲಿ ಡಾಕ್ಟರ್ ಓದುತ್ತಿದ್ದ ಮಗಳಿಗೆ ಮೂರು ಸಾವಿರ ಡಾಲರ್ ಫೀಸು ಕಳಿಸಬೇಕಿತ್ತು. ಹಿಂದಿನ ಎರಡು ವರ್ಷ ಅವಳು ಮರುಮಾತಿಲ್ಲದೆ ಸಹಿ ಹಾಕಿ ಹೋಗಿದ್ದಳು.

"ಡಾಲರ್‌ಗೆ ಎರಡು ರೂಪಾಯಿ ಜಾಸ್ತಿ ಹಾಕಿದೀರಲ್ಲ ಸಾರ್?" ಎನ್ನುತ್ತ ಮೊಬೈಲಿನಲ್ಲಿ ಆ ಹೊತ್ತಿನ ಪೇಟೆ ದರ ತೋರಿಸಿದಳು.

"ಅದು ಬ್ಯಾಂಕ್ ರೇಟಮ್ಮ. ಎಲ್ರಿಗೂ ಅದೇ."

"ಮಾರ್ಕೆಟ್ಟಲ್ಲಿ ನಾನೂ ಸೇವಂತಿಗೆಗೆ ಒಂದು ರೇಟು ಹೇಳ್ತೀನಿ ಸಾರ್. ಚೌಕಾಸಿ ಮಾಡಿದೋರಿಗೆ ಇಳಿಸಿ ಕೊಡ್ತೀನಿ. ಪಕ್ಕದ ಬೀದಿ ಬ್ಯಾಂಕ್‌ನೋರು ಐವತ್ತು ಪೈಸೆ ಮಾತ್ರ ಜಾಸ್ತಿ ಅಂದವ್ರೆ. ನಿಮ್ಮದೇನು ಹೇಳಿ."

ಕೆ.ಆರ್. ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷ ಹೂವಿನ ವ್ಯಾಪಾರ ಮಾಡಿದವಳಾದರೂ ಬ್ಯಾಂಕಿನ ಕುರ್ಚಿಯಲ್ಲಿ ಕೂತು ಹೀಗೆ ಬಾಯಿಬಿಟ್ಟದ್ದು ಇದೇ ಮೊದಲು. ಅಧಿಕಾರಿ ಮತ್ತೆ ಅದೇ ಫಾರಂ ಮುಂದಕ್ಕೆ ತಳ್ಳಿದಾಗ ಚೀಲ ಎತ್ತಿಕೊಂಡು ನಿಂತೇಬಿಟ್ಟಳು.

"ಕೂತ್ಕೊಳ್ಳಿ ಅಮ್ಮ, ಕೂತ್ಕೊಳ್ಳಿ" ಎಂದ ಅಧಿಕಾರಿ ಹೆಡ್ ಆಫೀಸಿಗೆ ಫೋನು ಹಚ್ಚಿದರು. ಇಂಗ್ಲಿಷಿನಲ್ಲಿ ಏನೇನೋ ಮಾತಾಡಿ, ಫೋನಿಟ್ಟು, ದನಿ ತಗ್ಗಿಸಿ ಹೇಳಿದರು. "ನಲವತ್ತು ಪೈಸೆಗೆ ಮಾಡ್ಕೊಡ್ತೀವಿ. ಯಾರಿಗೂ ಹೇಳ್ಬೇಡಿ."

ನಾಲ್ಕು ಸಾವಿರದ ಎಂಟುನೂರು ರೂಪಾಯಿ ಉಳಿಯಿತೆಂದು ಸಪ್ಪಲಮ್ಮನ ಮನಸ್ಸು ಆಗಲೇ ಲೆಕ್ಕ ಹಾಕಿತ್ತು. ದಪ್ಪಕ್ಷರದಲ್ಲಿ ಸಹಿ ಹಾಕಿ ಎದ್ದಳು. ತಮ್ಮ ಮಕ್ಕಳಿಗೂ ಡಾಲರಿನಲ್ಲಿ ಫೀಸು ಕಳಿಸಲು ಹಿಂದೆ ಕಾದು ಕೂತಿದ್ದ ಏಳೆಂಟು ಮಂದಿಯ ಕಡೆ ತಿರುಗಿ, ಹೂವಿನ ಮಂಡಿಯಲ್ಲಿ ಕೂಗುವ ಗಂಟಲಿನಲ್ಲೇ ಕೂಗಿದಳು:

"ಕೇಳಿದ್ರೆ ಇಳಿಸ್ತಾರೆ ಕಣ್ರಪ್ಪಾ! ಎಲ್ರೂ ಕೇಳಿ!"