ಕನ್ನಡಿಗೆ ಅಂಟಿಸಿದ ವಿಮರ್ಶೆ

ಇದರಲ್ಲಿ ಒಂದಕ್ಷರ ಸುಳ್ಳಿದ್ರೆ ನನ್ನ ಕತ್ತರಿ ಇವತ್ತೇ ಮೊಂಡಾಗಿ ಹೋಗ್ಲಿ, ಸ್ವಾಮಿ. ನಮ್ಮಕ್ಕ ಒಬ್ಬಳೇ ಕೂತು ಒಂದು ಪತ್ರಿಕೆ ಮಾಡ್ತಾಳೆ. ಬೇರೆಯವರು ಬರೆದ ಪುಸ್ತಕ ಓದಿ, ಚೆನ್ನಾಗಿದ್ರೆ ಚೆನ್ನಾಗಿದೆ, ಇಲ್ಲಾಂದ್ರೆ ಇಲ್ಲ ಅಂತ ಬರೆಯೋದು. ವಿಮರ್ಶೆ ಅಂತಾರಂತೆ ಅದಕ್ಕೆ. ಬರೆಯೋಳೂ ಅವಳೇ, ಅಚ್ಚಿಗೆ ಕೊಡೋಳೂ ಅವಳೇ, ಪಿನ್ ಹೊಡೆಯೋಳೂ ಅವಳೇ. ಕೊನೆಗೆ ಓದೋಳೂ ಅವಳೊಬ್ಬಳೇ! ಉಳಿದ ಪ್ರತಿಗಳನ್ನ ಮಂಚದ ಕೆಳಗೆ ತುರುಕಿ ತುರುಕಿ ಮಂಚ ಎಷ್ಟು ಮೇಲೆದ್ದಿತ್ತು ಅಂದ್ರೆ, ನಮ್ಮ ಭಾವ ಏಣಿ ಹಾಕ್ಕೊಂಡು ಹತ್ತಿ ಮಲಗೋರು.

ಒಂದಿನ ಅಕ್ಕ ಅಂದಳು, "ಈ ಸಂಚಿಕೇನೂ ಯಾರೂ ಓದ್ಲಿಲ್ಲ ಅಂದ್ರೆ ನಿಲ್ಲಿಸಿಬಿಡ್ತೀನಿ ಕಣೋ."

ನಿಲ್ಲಿಸೋಕೆ ನಾನು ಬಿಡ್ತೀನಾ? ನಮ್ಮ ವಂಶದಲ್ಲಿ ಅಚ್ಚಲ್ಲಿ ಹೆಸರು ಬಂದಿರೋದು ಅವಳದ್ದೊಂದೇ. "ಅಕ್ಕಾ, ಜನಕ್ಕೆ ಗೊತ್ತಿರೋದ್ರ ಬಗ್ಗೆ ಬರಿ. ನನ್ನ ಕ್ಷೌರದಂಗಡಿ ಬಗ್ಗೆ ಬರಿ."

"ಬರೆದ್ರೆ ಇದ್ದದ್ದು ಇದ್ದ ಹಾಗೆ ಬರೀತೀನಿ. ತಮ್ಮ ಗಿಮ್ಮ ಅಂತ ನೋಡಲ್ಲ."

"ಬರಿಯಕ್ಕಾ! ನನ್ನ ಕೈಚಳಕದಲ್ಲಿ ಕೊಂಕು ಹುಡುಕೋರು ಇನ್ನೂ ಹುಟ್ಟಿಲ್ಲ."

ಬರೆದಳು. ಪತ್ರಿಕೆ ಬಂತು. ನಾನು ಓದೋಕೆ ಹೋಗ್ಲಿಲ್ಲ. ನಾನು ಅಕ್ಷರ ಕೂಡಿಸಿ ಒಂದು ಸಾಲು ಮುಗಿಸೋದ್ರೊಳಗೆ ಗಿರಾಕಿಗೆ ಇನ್ನೊಂದು ಸಲ ಗಡ್ಡ ಬೆಳೆದಿರುತ್ತೆ. ಮೇಲುಗಡೆ ನನ್ನ ಅಂಗಡಿ ಹೆಸರು ಕಂಡಿತು, ಸಾಕು. ಆ ಒಂದು ಹಾಳೆ ಬಿಡಿಸಿ ಕನ್ನಡಿ ನಟ್ಟನಡುವೆ ಅಂಟಿಸಿ, ಎದೆ ಉಬ್ಬಿಸ್ಕೊಂಡು ಓಡಾಡಿದೆ. ಕೂತ ಗಿರಾಕಿಗಳೆಲ್ಲ ಅದನ್ನ ಓದಿ, ಕಿವಿ ಪಕ್ಕ ಸವರಿಕೊಂಡು ಮುಸಿಮುಸಿ ನಗೋರು. ನನ್ನ ಹೊಗಳಿಕೆ ಓದಿ ಖುಷಿ ಪಡ್ತಿದ್ದಾರೆ ಅಂದ್ಕೊಂಡೆ.

ಕೊನೆಗೆ ಪಕ್ಕದಂಗಡಿ ದರ್ಜಿ ಬಂದು ಗಟ್ಟಿಯಾಗಿ ಓದಿಬಿಟ್ಟ. "ಬಿಸಿನೀರು ಚೆನ್ನಾಗಿದೆ. ಕುರ್ಚಿ ಮೆತ್ತಗಿದೆ. ಕ್ಷೌರಿಕನಿಗೆ ಮಾತು ಜಾಸ್ತಿ. ಮಾತಿನ ಭರದಲ್ಲಿ ಬಲಗಿವಿ ಪಕ್ಕದ ಕೂದಲನ್ನು ಎಡಕ್ಕಿಂತ ಒಂದು ಬೆರಳು ಮೇಲಕ್ಕೆ ಕತ್ತರಿಸುತ್ತಾನೆ. ಈ ಬೀದಿಯ ಗಂಡಸರೆಲ್ಲ ಒಂದೇ ಕಡೆ ವಾಲಿದ ಹಾಗೆ ಕಾಣುವುದು ಅದಕ್ಕೇ."

ಪಿತ್ತ ನೆತ್ತಿಗೇರಿತು ನೋಡಿ! ಹಾಳೆ ಕಿತ್ತು ಬಿಸಾಕೋಕೆ ಕೈ ಹಾಕಿದೆ. ಮುಖದ ತುಂಬ ನೊರೆ ಮೆತ್ತಿಸ್ಕೊಂಡು ಕೂತಿದ್ದ ಗಿರಾಕಿ ಗಬಕ್ಕನೆ ನನ್ನ ಕೈ ಹಿಡಿದ.

"ಇರಪ್ಪ, ಇರು! ಇನ್ನೂ ಓದ್ತಾ ಇದೀನಿ. ಇದರ ಮುಂದಿನ ಪುಟ ಎಲ್ಲಿ?"

ಮುಂದಿನ ಪುಟ ಎಲ್ಲಿ! ನಮ್ಮಕ್ಕನ ಪತ್ರಿಕೆ ಬಗ್ಗೆ ಹಾಗೆ ಕೇಳಿದ ಮೊದಲನೇ ಪ್ರಾಣಿ ಅವನು. ಅವನನ್ನ ನೊರೆ ಸಮೇತ ಅಲ್ಲೇ ಬಿಟ್ಟು ಅಕ್ಕನ ಮನೆಗೆ ಓಡಿದೆ. ಮಂಚದ ಕೆಳಗೆ ನುಗ್ಗಿ ಕಟ್ಟು ಎಳೆಯೋಕೆ ಶುರು ಮಾಡಿದೆ.

"ಏನೋ ಇದು? ಜಗಳ ಆಡೋಕೆ ಬಂದ್ಯಾ?"

"ಇಲ್ಲಕ್ಕಾ, ಜನ ಓದೋಕೆ ಕೇಳ್ತಿದ್ದಾರೆ."

ಅಕ್ಕ ಸೆರಗು ಸಿಕ್ಕಿಸ್ಕೊಂಡು ಮಂಚದ ಇನ್ನೊಂದು ಕಡೆಯಿಂದ ತಾನೂ ಎಳೆದಳು.

ಆಮೇಲೆ ಏನ್ ಕೇಳ್ತೀರಿ! ಕಟ್ಟುಗಳನ್ನ ಅಂಗಡಿಗೆ ತಂದಿಟ್ಟೆ, ಓದೋರ ಸಾಲು ಮುಂಬಾಗಿಲಿಂದ ಹೊರಟು ಮೂಲೆ ತಿರುಗಿ, ಬೀದಿ ಸುತ್ತಿ, ನನ್ನ ಅಂಗಡಿ ಹಿಂಬಾಗಿಲಿಗೇ ಬಂದು ಮುಟ್ಟಿತು. ಕೊಡೆ ರಿಪೇರಿಯವನು ಬಂದು, "ಅಕ್ಕೋರೇ, ನನಗೂ ನಾಲ್ಕು ಮಾತು ಬೈದು ಬರೀರಿ" ಅಂದ. ದರ್ಜಿ ಮಾತ್ರ ಬಲು ಜಾಣ, ಹೊಗಳಿ ಬರೀಲಿ ಅಂತ ಭಾವನಿಗೊಂದು ಅಂಗಿ ಹೊಲಿದು ತಂದ. ಅಕ್ಕ ಭಾವನಿಗೆ ತೊಡಿಸಿ ನೋಡಿದಳು, ಬಿಚ್ಚಿಸಿ ವಾಪಸ್ ಕೊಟ್ಟಳು, ಮುಂದಿನ ಸಂಚಿಕೇಲಿ "ಕಂಕುಳಲ್ಲಿ ಬಿಗಿ" ಅಂತ ಬರೆದಳು! ದರ್ಜಿ ಅದನ್ನೂ ಬಾಗಿಲಿಗೆ ಅಂಟಿಸಿದ್ದಾನೆ. ಅಂಥವಳು ಸ್ವಾಮಿ ನಮ್ಮಕ್ಕ!

ಹಾಂ, ನಿಮ್ಮ ಎಡಗೆನ್ನೆ ಮುಗೀತು. ಅಲ್ಲಾಡಬೇಡಿ, ಕತ್ತಿ ಹರಿತ ಇದೆ. ಚಂದಾದಾರ ಆಗೋಕೆ ನಿಮ್ಮ ವಿಳಾಸ ಹೇಳಿಬಿಡಿ. ಬಲಗೆನ್ನೆ ವಿಚಾರ ಆಮೇಲೆ ಮಾತಾಡೋಣ.