ಬಾವಿಕಪ್ಪೆಯ ಸಾಕ್ಷಿ

ಮಳೆ ಸುರಿಯುವ ಆಟಿ ತಿಂಗಳ ಒಂದು ಬೆಳಗ್ಗೆ, ಮಕ್ಕಳು ಮದ್ರಸದಿಂದ ಮರಳುವ ಹೊತ್ತು. ಭೇದಿಯಿಂದ ಬಾಡಿದ್ದ ಮೊಮ್ಮಗಳ ಬಾಯಿಗೆ ಉಮ್ಮಾಲಿಮ್ಮ ಬಾವಿಯ ಹಸಿನೀರು ಹಿಡಿದಿದ್ದಳು. "ಕುದಿಸದಿದ್ದರೆ ಮಗುವನ್ನು ಉಪ್ಪಳಕ್ಕೆ, ನನ್ನ ತವರಿಗೆ ಕರಕೊಂಡು ಹೋಗ್ತೇನೆ" ಎಂದು ಸೊಸೆ ಫೌಝಿಯಾ ಬ್ಯಾಗ್ ಹಿಡಿದು ನಿಂತಿದ್ದಳು.

"ನೀರಿಗೆ ಎಂತ ಆಗಿದೆ? ನೀರು ಚೊಕ್ಕ ಇರಲಿ ಅಂತ ನಾನೇ ಬಿಟ್ಟ ಕಪ್ಪೆ ಬಾವಿಯೊಳಗೆ ಗಟ್ಟಿಯಾಗಿ ಉಂಟಲ್ಲ!" ಎಂದಳು ಉಮ್ಮಾಲಿಮ್ಮ.

ಆ ಬಾವಿನೀರಿನ ಪರೀಕ್ಷೆ ಮಾಡಿಸಿ ವರದಿ ತಂದಿದ್ದ ನೆರೆಮನೆಯ ನರ್ಸ್ ರಿಫಾನಾ ನಗಲಿಲ್ಲ. "ಕಪ್ಪೆ ಕಣ್ಣಿಗೆ ಕಾಣ್ತದೆ ಉಮ್ಮ, ಪರೀಕ್ಷೆಯಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾ ಕಾಣುವುದಿಲ್ಲ. ಕಪ್ಪೆಯ ಒಂದು ಬೆರಳಲ್ಲಿ ಅಂಥವು ಸಾವಿರ ಕೂರ್ತವೆ. ಅದಕ್ಕೆ ಎಂತದೂ ಆಗುವುದಿಲ್ಲ, ಮಗುವಿಗೆ ಆಗ್ತದೆ."

ಉಮ್ಮಾಲಿಮ್ಮ ಲೋಟವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ನೀರು ತಿಳಿಯಾಗಿಯೇ ಇತ್ತು. ಆದರೂ ಅದನ್ನು ಬಸಳೆಯ ಬುಡಕ್ಕೆ ಚೆಲ್ಲಿದಳು. "ಕಡ್ಡಿಪೆಟ್ಟಿಗೆ ಎಲ್ಲಿಟ್ಟಿದ್ದೀ ಮಾರಾಯ್ತಿ? ಒಲೆ ಹಚ್ಚಬೇಕು." ಫೌಝಿಯಾ ಬ್ಯಾಗ್ ಕೆಳಗಿಟ್ಟಳು. ಆ ದಿನ ಮನೆಯಿಂದ ಹೊರಟವಳು ರಿಫಾನಾ ಒಬ್ಬಳೇ.