ವಧುಪರೀಕ್ಷೆಯ ಲೆಕ್ಕ

ಹುಡುಗಿ ನೋಡಲು ಬಂದ ಗಂಡು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಹಾಡು ಬರುತ್ತದೆಯೇ ಎಂದು ಕೇಳುವ ಬದಲು ಅವನು ಲೆಕ್ಕ ಕೊಟ್ಟ.

"ಬಿಎಸ್ಸಿ ಮಾಡಿದೀರಂತೆ. ಸೆಕೆಂಡಿಗೆ ಇಪ್ಪತ್ತು ಮೀಟರ್ ವೇಗದಲ್ಲಿ ಚೆಂಡನ್ನ ನೆಟ್ಟಗೆ ಮೇಲಕ್ಕೆ ಎಸೆದೆ. ಕೈಗೆ ವಾಪಸ್ ಬರೋಕೆ ಎಷ್ಟು ಹೊತ್ತು?"

ಇದು ಆರನೆಯ ಸಂಬಂಧ. ಈ ಸಲ ಕೆಡಿಸಬೇಡವೆಂದು ಅಪ್ಪ ಬೆಳಗಿನಿಂದ ಬೇಡಿಕೊಂಡಿದ್ದರು. ಅವಳು ತಲೆಯೆತ್ತದೆ ಜಾತಕದ ಪ್ರತಿಯ ಹಿಂಬದಿಯಲ್ಲಿ ಬರೆದಳು: ಕೆಳಮುಖ ಪ್ಲಸ್, ಆದ್ದರಿಂದ ಚೆಂಡಿನ ವೇಗ ಮೈನಸ್ ಇಪ್ಪತ್ತು, ಗುರುತ್ವ ಪ್ಲಸ್ ಹತ್ತು. ಉತ್ತರ ನಾಲ್ಕು ಸೆಕೆಂಡು.

ಗಂಡು ನಕ್ಕ. "ಮೇಲಕ್ಕೆ ಹೋಗೋದಕ್ಕೆ ಮೈನಸ್ಸಾ? ನಮ್ಮಲ್ಲಿ ಮೇಲಕ್ಕೆ ಅಂದ್ರೆ ಪ್ಲಸ್ಸೇ."

"ಯಾವ ದಿಕ್ಕನ್ನ ಬೇಕಾದ್ರೂ ಪ್ಲಸ್ ಅನ್ನಬಹುದು. ಆದ್ರೆ ಒಂದನ್ನ ಬದಲಾಯಿಸಿದ್ರೆ ಇನ್ನೊಂದನ್ನೂ..."

"ಅಯ್ಯೋ, ಮೇಷ್ಟ್ರಿಗೇ ಪಾಠ ಹೇಳ್ತಾಳಲ್ರೀ!" ಎಂದರು ಗಂಡಿನ ತಾಯಿ.

"ಹೊಂದ್ಕೊಂಡು ಹೋಗ್ತಾಳೆ ಬಿಡಿ," ಎಂದು ಅಪ್ಪ ಕೈ ಹೊಸೆದರು. "ಅವರು ಹೇಳಿದ ಹಾಗೇ ಆಗಲಿ ಪುಟ್ಟೀ."

ಗಂಡು ಪೆನ್ನು ಕಿತ್ತುಕೊಂಡು, ಅವಳ ಮೈನಸ್ಸಿಗೆ ಮೇಲಿಂದ ಕೆಳಗೊಂದು ಗೀಟೆಳೆದು ಪ್ಲಸ್ ಮಾಡಿದ. ಗುರುತ್ವದ ಪ್ಲಸ್ಸು ಹಾಗೇ ಉಳಿದುಬಿಟ್ಟಿತು. ಭೂಮಿ ಈಗ ಚೆಂಡನ್ನು ಮೇಲಕ್ಕೇ ತಳ್ಳತೊಡಗಿತ್ತು. ಅದನ್ನು ಗಮನಿಸಿದವಳು ಅವಳೊಬ್ಬಳೇ.

ಉಪ್ಪಿಟ್ಟು ಮುಗಿಸಿ ಎದ್ದ ಗಂಡಿನ ತಾಯಿ, "ಊರಿಗೆ ಹೋಗಿ ತಿಳಿಸ್ತೀವಿ," ಎಂದರು.

ಅವಳು ಮೊದಲ ಸಲ ತಲೆಯೆತ್ತಿದಳು. "ನೀವು ತೊಂದರೆ ತಗೋಬೇಡಿ ಅಮ್ಮ. ಇವರ ಚೆಂಡು ಕೆಳಗೆ ಬಂದ ದಿನ ನಾನೇ ತಿಳಿಸ್ತೀನಿ."